ಊರಿಗೆಲ್ಲ ಗೊತ್ತಿದ್ದರೆ ಸಾಕೆ?

ಕನಕಪುರಕ್ಕೆ ಕಾನಕಾನಹಳ್ಳಿ ಎಂಬ ಹೆಸರಿದ್ದ ಕಾಲದಲ್ಲಿ ಕೋಡಿಹಳ್ಳಿಯಂಥ ಊರಿನ ರೈತನಿಗೆ ಸರ್ಕಾರ ಎದುರಾಗುತ್ತಿದ್ದದ್ದು ಶಾನುಭೋಗರ ಲೇಖನಿಯ ರೂಪದಲ್ಲಿ. ಹಳೆ ಮೈಸೂರು ಸೀಮೆಯ ಎಲ್ಲ ಕಡೆಯಂತೆ ಇಲ್ಲಿಯೂ ತಾಲ್ಲೂಕಿಗೆ ಅಮಲ್ದಾರರು, ಹೋಬಳಿಗೆ ಶೇಕದಾರರು, ಊರಿಗೆ ಪಟೇಲರು ಮತ್ತು ಶಾನುಭೋಗರು. ಪಟೇಲರು ಕಂದಾಯ ಎತ್ತುತ್ತಿದ್ದರು, ಶಾನುಭೋಗರು ಲೆಕ್ಕ ಬರೆಯುತ್ತಿದ್ದರು. ಯಾವ ಹೊಲ ಯಾರ ಖಾತೆಯಲ್ಲಿದೆ, ಯಾರು ಉಳುತ್ತಿದ್ದಾರೆ, ಯಾರ ಕಂದಾಯ ಬಾಕಿ ನಿಂತಿದೆ ಎಂಬುದೆಲ್ಲ ಅವರು ಬರೆದಂತೆ. ಆದರೆ ಶಾನುಭೋಗರೂ ಅದೇ ಊರಿನವರು. ಅವರಿಗೂ, ಅವರ ದಾಯಾದಿಗಳಿಗೂ ಬೀಗರಿಗೂ ಅಲ್ಲೇ ಜಮೀನಿರುತ್ತಿತ್ತು. ಅವರು ಬರೆಯುತ್ತಿದ್ದ ಪುಸ್ತಕದಲ್ಲಿ ಅವರ ಹೊಲವೂ ಒಂದು ಸಾಲಾಗಿತ್ತು. ಇಂದು ವಿಶ್ವವಿದ್ಯಾಲಯದ ಅಧ್ಯಾಪಕರಿಗೂ ನೌಕರರಿಗೂ ಹೊರಗಿನ ಆದಾಯ, ಹೊರಗಿನ ಕೆಲಸ, ನೆಂಟಸ್ತಿಕೆಗಳನ್ನು ಮೊದಲೇ ಬರೆದು ತಿಳಿಸಿ ಎಂದರೆ, ಇದು ಪರದೇಶದಿಂದ ಬಂದ ಪದ್ಧತಿ, ನಮಗೆ ಹೊಂದುವುದಿಲ್ಲ ಎಂಬ ಮಾತು ಬರುತ್ತದೆ. ಆದರೆ ಈ ಪದ್ಧತಿ ಏಕೆ ಬೇಕು ಎಂಬುದಕ್ಕೆ ಪುರಾವೆಯನ್ನು ಹೊರಗೆ ಹುಡುಕಬೇಕಿಲ್ಲ. ನಮ್ಮ ಹಳ್ಳಿಗಳ ಶಾನುಭೋಗಿಕೆಯ ಚರಿತ್ರೆಯಲ್ಲೇ ಅದು ಧಾರಾಳವಾಗಿದೆ.

ಶಾನುಭೋಗಿಕೆ ವಂಶಪಾರಂಪರ್ಯದ ಹುದ್ದೆ. ತಂದೆಯ ಕಡತ ಮಗನ ಕೈಗೆ ಬರುತ್ತಿತ್ತು. ಅದರೊಂದಿಗೆ ಇನಾಮು ಜಮೀನು ಅಥವಾ ಪೋಟಗಿ ಎಂಬ ಭತ್ಯೆ. 1863ರಿಂದ ಮೈಸೂರಿನಲ್ಲಿ ಸರ್ವೆ ಮತ್ತು ಕಂದಾಯ ನಿಗದಿಯ ಕೆಲಸ ಶುರುವಾಗಿ ಹೊಲಗಳಿಗೆ ಸರ್ವೆ ನಂಬರು, ಗಡಿಕಲ್ಲು ಬಂದವು. 1908ರ ಮೈಸೂರು ಗ್ರಾಮಾಧಿಕಾರಗಳ ಕಾಯ್ದೆ ಈ ಹುದ್ದೆಗಳಿಗೆ ಲಿಖಿತ ಚೌಕಟ್ಟು ಕೊಟ್ಟಿತಾದರೂ ವಂಶದ ಹಕ್ಕನ್ನು ಮುಟ್ಟಲಿಲ್ಲ. ಮೇಲ್ವಿಚಾರಣೆಯೇ ಇರಲಿಲ್ಲ ಎನ್ನುವಂತಿಲ್ಲ. ಶೇಕದಾರರು ಹಳ್ಳಿ ಸುತ್ತುತ್ತಿದ್ದರು, ಜಮಾಬಂದಿಯಲ್ಲಿ ವರ್ಷದ ಲೆಕ್ಕ ತಪಾಸಣೆಯಾಗುತ್ತಿತ್ತು, ಕೂಡಿಕೆ ತಪ್ಪಿದರೆ ಜವಾಬು ಹೇಳಬೇಕಿತ್ತು. ಆದರೆ ಆ ತಪಾಸಣೆಯೆಲ್ಲ ಖಜಾನೆಗೆ ಸೇರಬೇಕಾದ ಹಣದ ಸುತ್ತ ನಡೆಯುತ್ತಿತ್ತು. ಈ ಖಾತೆ ಬದಲಾವಣೆಯಲ್ಲಿ ಬರೆದವರಿಗೇನಾದರೂ ಲಾಭವಿದೆಯೇ, ಈ ವ್ಯಾಜ್ಯದ ಹೊಲಕ್ಕೆ ಅವರ ಬೀಗರ ಹೊಲ ಒತ್ತಿಕೊಂಡಿದೆಯೇ ಎಂದು ಕೇಳುವ ಅಂಕಣ ಯಾವ ನಮೂನೆಯಲ್ಲೂ ಇರಲಿಲ್ಲ. ಕೂಡಿಕೆ ಸರಿಯಿದ್ದ ಲೆಕ್ಕವೂ ಅನ್ಯಾಯದ ಲೆಕ್ಕವಾಗಿರಬಹುದು ಎಂಬುದನ್ನು ಆ ವ್ಯವಸ್ಥೆ ಗಣನೆಗೇ ತೆಗೆದುಕೊಳ್ಳಲಿಲ್ಲ.

ಇಲ್ಲೊಂದು ಬಲವಾದ ಆಕ್ಷೇಪವಿದೆ. ಹಳ್ಳಿಯಲ್ಲಿ ಮುಚ್ಚಿಡುವುದೇನಿತ್ತು? ಶಾನುಭೋಗರ ಜಮೀನೆಷ್ಟು, ಅವರ ಮಗಳನ್ನು ಯಾವ ಮನೆಗೆ ಕೊಟ್ಟಿದೆ, ಯಾರಿಗೆ ಸಾಲ ಕೊಟ್ಟಿದ್ದಾರೆ ಎಂಬುದು ದನ ಕಾಯುವ ಹುಡುಗನಿಗೂ ತಿಳಿದಿರುತ್ತಿತ್ತು. ಎಲ್ಲರಿಗೂ ಗೊತ್ತಿರುವುದನ್ನು ಮತ್ತೆ ಘೋಷಿಸುವುದರಿಂದ ಆಗುವುದೇನು? ಮಾತು ನಿಜ. ಆದರೆ ಗೊತ್ತಿದ್ದವರ ಕೈಯಲ್ಲಿ ಅಧಿಕಾರವಿರಲಿಲ್ಲ, ಅಧಿಕಾರವಿದ್ದವರಿಗೆ ಅದು ಬರಹದಲ್ಲಿ ತಿಳಿದಿರಲಿಲ್ಲ. ಅಮಲ್ದಾರರ ಕಚೇರಿಗೆ ಹೋಗಿ ದೂರು ಹೇಳಬೇಕಾದರೆ ರೈತನಿಗೆ ಬೇಕಾದ ನಕಲು ಅದೇ ಶಾನುಭೋಗರಿಂದ ಬರಬೇಕಿತ್ತು. ಇದರ ಬೆಲೆ ಎಷ್ಟೆಂದು ತಿಳಿದದ್ದು ಬಹಳ ತಡವಾಗಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಅಡಿಯಲ್ಲಿ ಗೇಣಿದಾರರು ಭೂ ನ್ಯಾಯಮಂಡಳಿಗಳ ಮುಂದೆ ಅರ್ಜಿ ಹಾಕಿದಾಗ ಮೊದಲು ತೆರೆದು ನೋಡಿದ್ದು ಪಹಣಿಯನ್ನು. ತಲೆಮಾರುಗಳಿಂದ ಉತ್ತವರ ಹೆಸರು ಸಾಗುವಳಿಯ ಅಂಕಣದಲ್ಲಿ ಇಲ್ಲದಿದ್ದರೆ ಬಾಯಿಮಾತಿನ ಸಾಕ್ಷಿಯನ್ನೇ ನೆಚ್ಚಬೇಕಾಯಿತು. ಅವರು ಉತ್ತದ್ದು ಊರಿಗೆಲ್ಲ ಗೊತ್ತಿತ್ತು; ಕಾಗದಕ್ಕೆ ಗೊತ್ತಿರಲಿಲ್ಲ. ಪ್ರಾಮಾಣಿಕ ಶಾನುಭೋಗರು ಬೇಕಾದಷ್ಟು ಜನ ಇದ್ದರು. ಬಡವರ ಹೊಲ ಉಳಿಸಿಕೊಟ್ಟವರೂ ಇದ್ದರು. ಆದರೆ ಬರೆಯುವವನು ಒಳ್ಳೆಯವನಾಗಿದ್ದರೆ ಮಾತ್ರ ನ್ಯಾಯ ಸಿಗುವ ವ್ಯವಸ್ಥೆಯಲ್ಲಿ ನ್ಯಾಯವೂ ಒಂದು ಉಪಕಾರವಾಗಿಬಿಡುತ್ತದೆ.

ಈ ಗಂಟನ್ನು ಬಿಡಿಸಲು ರಾಜ್ಯ ಹಿಡಿದ ದಾರಿ ಹುದ್ದೆಯನ್ನೇ ತೆಗೆದುಹಾಕುವುದು. ಆಂಧ್ರದ ಗಜುಲ ದಶರಥ ರಾಮರಾವ್ ಪ್ರಕರಣದಲ್ಲಿ 1960ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ವಂಶದ ಆಧಾರದ ಮೇಲೆ ಗ್ರಾಮದ ಹುದ್ದೆ ಕೊಡುವುದು ಸಂವಿಧಾನದ 16ನೇ ವಿಧಿಗೆ ವಿರುದ್ಧ ಎಂದು ತೀರ್ಪಿತ್ತಿತು. ಮೈಸೂರು ರಾಜ್ಯ 1961ರಲ್ಲಿ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ ಮಾಡಿ 1963ರ ಫೆಬ್ರವರಿ 1ರಿಂದ ಜಾರಿಗೆ ತಂದಿತು. ಸಂಬಳ ಪಡೆಯುವ, ವರ್ಗವಾಗುವ ಗ್ರಾಮ ಲೆಕ್ಕಿಗರು ಬಂದರು. ಮುಂದೆ ಭೂಮಿ ಯೋಜನೆ ಪಹಣಿಯನ್ನು ಗಣಕಯಂತ್ರಕ್ಕೆ ಏರಿಸಿತು. ಇದರಲ್ಲಿ ನಷ್ಟವೂ ಇತ್ತು. ಊರಿನ ಪ್ರತಿ ಗದ್ದೆಬದು ಗೊತ್ತಿದ್ದವರ ಜಾಗಕ್ಕೆ ಊರೇ ಗೊತ್ತಿಲ್ಲದವರು ಬಂದರು. ಹಿತಾಸಕ್ತಿಯೇ ಇಲ್ಲದವರನ್ನು ಹುಡುಕಿದರೆ ಅನೇಕ ಸಲ ತಿಳಿವಳಿಕೆಯೂ ಇಲ್ಲದವರು ಸಿಗುತ್ತಾರೆ. ಸರ್ಕಾರಿ ನೌಕರರಿಗಾಗಿ ಮಾಡಿದ 1966ರ ನಾಗರಿಕ ಸೇವಾ ನಡತೆ ನಿಯಮಗಳು ಇನ್ನೊಂದು ದಾರಿಯನ್ನೂ ತೆರೆದವು. ನೌಕರನಿಗೆ ಆಸ್ತಿ ಇರಬಹುದು, ಅದನ್ನು ಬರೆದು ಕೊಡಬೇಕು. ಹೊರಗಿನ ವ್ಯಾಪಾರ, ಉದ್ಯೋಗಕ್ಕೆ ಮೊದಲೇ ಅಪ್ಪಣೆ ಪಡೆಯಬೇಕು. ಈ ವಿವೇಕ ಹೊಸದೇನಲ್ಲ. ಪರಾಂತಕ ಚೋಳನ ಕಾಲದ, ಕ್ರಿ.ಶ. 919 ಮತ್ತು 921ರ ಉತ್ತರಮೇರೂರು ಶಾಸನಗಳು ಗ್ರಾಮ ಸಮಿತಿಗಳ ಆಯ್ಕೆಯ ನಿಯಮ ಹೇಳುವಾಗ, ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವರನ್ನೂ ಅವರ ಹತ್ತಿರದ ನೆಂಟರನ್ನೂ ದೂರವಿಡುತ್ತವೆ. ಲೆಕ್ಕಕ್ಕೂ ನೆಂಟಸ್ತಿಕೆಗೂ ಇರುವ ಸಂಬಂಧವನ್ನು ಬರಹದಲ್ಲಿ ಒಪ್ಪಿಕೊಂಡು ನಿಯಮ ಮಾಡುವುದು ದಕ್ಷಿಣ ದೇಶಕ್ಕೆ ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು.

ವಿಶ್ವವಿದ್ಯಾಲಯ ಈ ಚರಿತ್ರೆಯ ಒಳಗೇ ಬರುತ್ತದೆ, ಏಕೆಂದರೆ ಅದೂ ದಾಖಲೆ ಬರೆಯುವ ಸಂಸ್ಥೆ. ಅಲ್ಲಿ ಬರೆದ ಅಂಕ, ಪದವಿ, ತಜ್ಞ ವರದಿ, ಬೀಜದ ಶಿಫಾರಸು ಹೊರಗಿನವರಿಗೆ ಸತ್ಯವಾಗಿ ಸಲ್ಲುತ್ತವೆ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು, 1912ರಲ್ಲಿ ದಿವಾನಗಿರಿ ಒಪ್ಪುವ ಮೊದಲು ಬಂಧುಗಳನ್ನು ಊಟಕ್ಕೆ ಕರೆದು, ತಮ್ಮಿಂದ ಯಾರೂ ಯಾವ ಅನುಕೂಲವನ್ನೂ ಕೇಳಬಾರದೆಂದು ಹೇಳಿದ ಸಂಗತಿ ಪ್ರಸಿದ್ಧ. ಅದು ದೊಡ್ಡ ನಡತೆ; ಆದರೆ ಒಬ್ಬ ವ್ಯಕ್ತಿಯ ನಡತೆ ಅವರೊಂದಿಗೇ ಹೋಗುತ್ತದೆ, ಸಂಸ್ಥೆಗೆ ಉಳಿಯುವುದು ಬರೆದಿಟ್ಟ ನಿಯಮ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅಂಥ ಒಂದು ನಿಯಮ ಆಗಲೇ ಬೇರೂರಿದೆ. ಪ್ರಶ್ನೆಪತ್ರಿಕೆ ತೆಗೆಯುವವರು, ಮೌಲ್ಯಮಾಪಕರು ತಮ್ಮ ಹತ್ತಿರದ ಬಂಧುಗಳು ಆ ಪರೀಕ್ಷೆಗೆ ಕುಳಿತಿಲ್ಲವೆಂದು ಬರೆದುಕೊಡುತ್ತಾರೆ. ಕುಳಿತಿದ್ದರೆ ಆ ಕೆಲಸದಿಂದ ಹಿಂದೆ ಸರಿಯುತ್ತಾರೆ. ಇದನ್ನು ಯಾರೂ ಅವಮಾನವೆಂದು ತಿಳಿದಿಲ್ಲ. ಯುಜಿಸಿಯ 2018ರ ನಿಯಮಾವಳಿಯ ವೃತ್ತಿಧರ್ಮ ಸಂಹಿತೆಯೂ ಖಾಸಗಿ ಟ್ಯೂಷನ್ನು, ಕೋಚಿಂಗ್ ಸೇರಿದಂತೆ ಕರ್ತವ್ಯಕ್ಕೆ ಅಡ್ಡಬರುವ ಹೊರಗಿನ ಕೆಲಸದಿಂದ ಅಧ್ಯಾಪಕರು ದೂರವಿರಬೇಕೆನ್ನುತ್ತದೆ. ಪರೀಕ್ಷೆಯ ಕೊಠಡಿಯಲ್ಲಿ ಒಪ್ಪಿಕೊಂಡ ಈ ಮಾತನ್ನು ಪಠ್ಯಪುಸ್ತಕ ಆಯ್ಕೆ, ಉಪಕರಣ ಖರೀದಿ, ನೇಮಕಾತಿ ಸಮಿತಿ ಮತ್ತು ಸಂಶೋಧನೆಯವರೆಗೂ ಒಯ್ಯುವುದಷ್ಟೇ ಮುಂದಿನ ಹೆಜ್ಜೆ. ತಾನು ಬರೆದ ಪುಸ್ತಕ ಪಠ್ಯವಾಗಬೇಕೇ ಎಂದು ನಿರ್ಧರಿಸುವ ಮಂಡಳಿಯಲ್ಲಿ ತಾನೇ ಕೂತರೆ, ತನ್ನ ಹೊಲದ ಖಾತೆ ತಾನೇ ಬರೆದಂತೆಯೇ.

ಕೋಡಿಹಳ್ಳಿಯ ರೈತನಿಗೆ ಇದರಿಂದ ಏನು ಎಂದು ಕೇಳಬಹುದು. ಆತನ ಬದುಕು ನಿಂತಿರುವುದೇ ವಿಶ್ವವಿದ್ಯಾಲಯ ಮತ್ತು ಸಂಶೋಧನಾ ಸಂಸ್ಥೆಗಳ ಮಾತಿನ ಮೇಲೆ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ರಾಗಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಬೆಳೆಸಿದರು. ರೇಷ್ಮೆ ಸೀಮೆಯ ತೋಟಗಳಲ್ಲಿ ಹರಡಿದ ವಿ-1 ಹಿಪ್ಪುನೇರಳೆ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯಿಂದ ಬಂತು. ಇವು ಸಾರ್ವಜನಿಕ ಹಣದಿಂದ ಬೆಳೆದ ತಳಿಗಳು. ಈ ಬೀಜ ಬಿತ್ತು ಎಂದವರಿಗೆ ಅದರಿಂದ ಏನು ಸಿಗುತ್ತದೆ ಎಂದು ರೈತ ಕೇಳಬೇಕಾಗಿರಲಿಲ್ಲ. ಆಮೇಲೆ ಕಾಲ ಬದಲಾಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮಹಿಕೊ ಬೀಜ ಕಂಪನಿಯೊಂದಿಗೆ ಸೇರಿ ಕುಲಾಂತರಿ ಬಿಟಿ ಬದನೆಯ ಕೆಲಸಕ್ಕೆ ಇಳಿಯಿತು. 2010ರ ಫೆಬ್ರವರಿಯಲ್ಲಿ ಕೇಂದ್ರ ಸಚಿವ ಜೈರಾಂ ರಮೇಶ್ ಆ ಬೆಳೆಯನ್ನು ತಡೆಹಿಡಿದರು. ಸ್ಥಳೀಯ ಬದನೆ ತಳಿಗಳನ್ನು ಬಳಸುವ ಮೊದಲು 2002ರ ಜೀವವೈವಿಧ್ಯ ಕಾಯ್ದೆಯಂತೆ ಅನುಮತಿ ಪಡೆಯಬೇಕಿತ್ತಲ್ಲವೇ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ಈ ಪ್ರಸಂಗದಲ್ಲಿ ಯಾರದೇ ಸ್ವಂತ ಲಾಭವನ್ನು ಆರೋಪಿಸಬೇಕಿಲ್ಲ. ಅದು ಕಲಿಸಿದ್ದು ಬೇರೆ: ಸಾರ್ವಜನಿಕ ಸಂಸ್ಥೆಯೊಂದು ಕಂಪನಿಯ ಜೊತೆ ಕೈಜೋಡಿಸಿದಾಗ ಷರತ್ತುಗಳು ಮೊದಲೇ ಬೆಳಕಿನಲ್ಲಿ ಇರದಿದ್ದರೆ, ಒಳ್ಳೆಯ ವಿಜ್ಞಾನವನ್ನೂ ಜನ ಅನುಮಾನದಿಂದಲೇ ನೋಡುತ್ತಾರೆ.

ಅಮೆರಿಕ ಇದನ್ನು ಸಾವಿನಿಂದ ಕಲಿಯಿತು. 1999ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೀನ್ ಚಿಕಿತ್ಸೆಯ ಪ್ರಯೋಗವೊಂದರಲ್ಲಿ ಹದಿನೆಂಟರ ಜೆಸ್ಸಿ ಗೆಲ್ಸಿಂಗರ್ ತೀರಿಕೊಂಡ. ಪ್ರಯೋಗ ನಡೆಸಿದ ಅಲ್ಲಿನ ಜೀನ್ ಚಿಕಿತ್ಸಾ ಸಂಸ್ಥೆಯ ನಿರ್ದೇಶಕರಿಗೆ ಅದೇ ಕ್ಷೇತ್ರದ ಕಂಪನಿಯಲ್ಲಿ ಪಾಲಿತ್ತು. ಸರ್ಕಾರದ ಹಣದಲ್ಲಿ ಸಂಶೋಧನೆ ಮಾಡುವವರು ತಮ್ಮ ಹಣಕಾಸಿನ ಸಂಬಂಧ ಹೇಳಬೇಕೆಂಬ ನಿಯಮ 1995ರಿಂದಲೇ ಅಲ್ಲಿತ್ತು. ಅದು ಸಾಲದೆಂದು 2011ರಲ್ಲಿ ಬಿಗಿಗೊಳಿಸಿ, ತಿಳಿಸಬೇಕಾದ ಮೊತ್ತದ ಮಿತಿಯನ್ನು 10,000 ಡಾಲರಿನಿಂದ 5,000ಕ್ಕೆ ಇಳಿಸಿದರು. ಹಣದಂತೆಯೇ ಹೊತ್ತಿಗೂ ಲೆಕ್ಕ ಬೇಕು. ಹೊರಗಿನ ಕೆಲಸದಲ್ಲಿ ಒಂದು ರೂಪಾಯಿ ತಪ್ಪು ಲಾಭವಿಲ್ಲದಿದ್ದರೂ ವಿದ್ಯಾರ್ಥಿಗೆ ಸಲ್ಲಬೇಕಾದ ಸಮಯ ಅಲ್ಲಿ ಸೋರಿಹೋಗಬಹುದು. ನಮ್ಮ ಐಐಟಿಗಳು ಸಲಹಾ ಕೆಲಸಕ್ಕೆ ವಾರಕ್ಕೊಂದು ದಿನದ ಮಿತಿ ಇಟ್ಟುಕೊಂಡು ಬಂದಿರುವುದು ಇದೇ ಕಾರಣಕ್ಕೆ.

ಇನ್ನು ಮೂರು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಘೋಷಣೆ ಕೇಳುವುದೆಂದರೆ ಅಧ್ಯಾಪಕರನ್ನು ಕಳ್ಳರೆಂದು ಶಂಕಿಸುವುದು ಎಂಬುದು ಮೊದಲನೆಯದು. ಶಾನುಭೋಗಿಕೆಯ ಅನುಭವ ಹೇಳುವುದು ಇದಕ್ಕೆ ತದ್ವಿರುದ್ಧ. ಬರೆದಿಡುವ ಏರ್ಪಾಡು ಇಲ್ಲದ ಕಡೆ ಪ್ರಾಮಾಣಿಕರಿಗೂ ಅಪ್ರಾಮಾಣಿಕರಿಗೂ ಒಂದೇ ಹೆಸರು ಬಂತು. ಸರಿಯಾಗಿ ನಡೆದವರ ಬಳಿ ಅದನ್ನು ತೋರಿಸಲು ಕಾಗದವಿರಲಿಲ್ಲ. ಹೊರಗಿನ ಒಡನಾಟವೇ ನಿಂತುಹೋಗುತ್ತದೆ, ರೇಷ್ಮೆ ಗೊತ್ತಿಲ್ಲದವರು ರೇಷ್ಮೆ ಪಾಠ ಮಾಡುವಂತಾಗುತ್ತದೆ ಎಂಬುದು ಎರಡನೆಯದು. ಸ್ವಂತ ತೋಟವಿರುವ, ನೂಲು ಬಿಚ್ಚುವ ಘಟಕಗಳಿಗೆ ಸಲಹೆ ಕೊಡುವ ಅಧ್ಯಾಪಕರು ತರಗತಿಗೆ ಬೇಕೇ ಬೇಕು. ಘೋಷಣೆ ಅವರನ್ನು ತಡೆಯುವುದಿಲ್ಲ. ಯಾವ ತೀರ್ಮಾನದಲ್ಲಿ ಅವರು ಕೂರಬಾರದು ಎಂಬುದನ್ನಷ್ಟೇ ಗುರುತಿಸುತ್ತದೆ. ಹುದ್ದೆಯನ್ನೇ ತೆಗೆದು ತಿಳಿವಳಿಕೆ ಕಳೆದುಕೊಂಡ 1963ರ ದಾರಿಗಿಂತ ಇದು ಸೌಮ್ಯವಾದದ್ದು.

ಮೂರನೆಯ ಆಕ್ಷೇಪವೇ ಗಟ್ಟಿಯಾದದ್ದು. ವರ್ಷಕ್ಕೊಮ್ಮೆ ನಮೂನೆ ತುಂಬುತ್ತಾರೆ, ಕಡತ ಬೀರು ಸೇರುತ್ತದೆ, ಯಾರೂ ತೆರೆಯುವುದಿಲ್ಲ. ಆಸ್ತಿ ವಿವರಗಳ ಗತಿ ಎಷ್ಟೋ ಕಡೆ ಇದೇ ಆಗಿದೆ. ಇದನ್ನು ಅಲ್ಲಗಳೆಯಲಾಗದು. ಓದುವವರಿಲ್ಲದ ಘೋಷಣೆ, ಊರಿಗೆ ಗೊತ್ತಿದ್ದೂ ಅಮಲ್ದಾರರಿಗೆ ಮುಟ್ಟದ ಸುದ್ದಿಯಷ್ಟೇ ನಿಷ್ಫಲ. ಆದ್ದರಿಂದ ಘೋಷಣೆಯೊಂದಿಗೆ ಎರಡು ಕೆಲಸ ಕಡ್ಡಾಯವಾಗಬೇಕು. ಅದನ್ನು ಓದಿದ ಅಧಿಕಾರಿ ಏನು ನಿರ್ಧರಿಸಿದರು ಎಂದು ಅದರ ಕೆಳಗೇ ಬರೆಯಬೇಕು. ಹಿತಾಸಕ್ತಿ ಇರುವವರು ಯಾವ ಸಭೆಯಿಂದ ಎದ್ದು ಹೋದರು ಎಂಬುದು ನಡಾವಳಿಯಲ್ಲಿ ದಾಖಲಾಗಬೇಕು. ಕುಲಪತಿಯಿಂದ ಖರೀದಿ ವಿಭಾಗದ ಗುಮಾಸ್ತರವರೆಗೆ ಒಂದೇ ನಿಯಮವಿರಬೇಕು, ಏಕೆಂದರೆ ಕೆಳಗಿನವರಿಗಷ್ಟೇ ಹಾಕಿದ ನಿಯಮ ಮೇಲಿನವರ ಕೈಯ ಬೆತ್ತವಾಗುತ್ತದೆ. ಬರೆಯುವವನಿಗೆ ಹಿತಾಸಕ್ತಿ ಇರುವುದು ತಪ್ಪಲ್ಲ. ಅದು ಬರೆದ ಪುಸ್ತಕದ ಹೊರಗೆ ಉಳಿಯುವುದು ತಪ್ಪು. ನಮ್ಮ ಹಳ್ಳಿಗಳು ಇದನ್ನು ತಮ್ಮ ಹೊಲಗಳನ್ನು ಪಣವಿಟ್ಟು ಕಲಿತವು. ಆ ಹಳ್ಳಿಗಳ ಮಕ್ಕಳೇ ಇಂದು ವಿಶ್ವವಿದ್ಯಾಲಯದ ಬಾಗಿಲಿಗೆ ಬರುತ್ತಿರುವಾಗ, ಅವರ ಅಂಕಪಟ್ಟಿಗೂ ಅವರ ತಂದೆಯ ಬಿತ್ತನೆ ಬೀಜಕ್ಕೂ ಆ ಪಾಠದ ರಕ್ಷಣೆ ಸಿಗಲೇಬೇಕು.