ಕನ್ಹೇರಿ: ಕೊರೆದವರು, ರಿಪೇರಿ ಮಾಡಿಸಿದವರು

ಸಿಸಿಲಿಯ ತಾವೋರ್ಮಿನಾದಲ್ಲಿ ಗ್ರೀಕರು ಗುಡ್ಡದ ಇಳಿಜಾರನ್ನೇ ಕಡಿದು ಬಯಲು ರಂಗಮಂದಿರ ಮಾಡಿದ್ದರು. ಮುಂದೆ ರೋಮನ್ನರು ಬಂದು ಇಟ್ಟಿಗೆ ಹಾಕಿ ಅದನ್ನು ಹೊಸದಾಗಿ ಕಟ್ಟಿಕೊಂಡರು. ಡೊಂಬಿವಲಿಯ ನನ್ನ ತರಗತಿಯಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗ ಎದ್ದು ಕೇಳಿದ: "ಸರ್, ಹಾಗಾದ್ರೆ ಅದು ಯಾರ್ದು?"

ಉತ್ತರಕ್ಕೆ ಅಷ್ಟು ದೂರ ಯಾಕೆ ಹೋಗಬೇಕು ಹೇಳಿ? ಠಾಣೆಯ ಯೇವೂರು ಕಾಡಿನ ಆಚೆಗೇ ಕನ್ಹೇರಿ ಇದೆ. ಈಗ ಮುಂಬೈಗೆ ಸೇರಿದೆ, ಬ್ರಿಟಿಷರ ಕಾಲದಲ್ಲಿ ಬಹಳ ವರ್ಷ ಠಾಣೆ ಜಿಲ್ಲೆಯದೇ. ಬೌದ್ಧ ಭಿಕ್ಷುಗಳಿಗಾಗಿ ಗುಡ್ಡದಲ್ಲಿ ಕೊರೆದ ನೂರಕ್ಕೂ ಹೆಚ್ಚು ಗುಹೆಗಳು. ದುಡ್ಡು ಕೊಟ್ಟವರು ಬರೀ ರಾಜರಲ್ಲ. ಕಲ್ಯಾಣದ ಅಕ್ಕಸಾಲಿ, ಕಮ್ಮಾರ, ವರ್ತಕ ತಮ್ಮ ಹೆಸರನ್ನು ಊರಿನ ಸಮೇತ ಬ್ರಾಹ್ಮಿಯಲ್ಲಿ ಕೆತ್ತಿಸಿದ್ದಾರೆ. ನೀವು ಲೋಕಲ್ ಬದಲಿಸುವ ಅದೇ ಕಲ್ಯಾಣ! ಮೊದಲ ಶತಮಾನದ ಗ್ರೀಕ್ ಬರಹ 'ಪೆರಿಪ್ಲಸ್' ಅದನ್ನು 'ಕಲ್ಲಿಯೇನ' ಅನ್ನುತ್ತದೆ.

ಈಗ ಒಂಬತ್ತನೇ ಶತಮಾನಕ್ಕೆ ಬನ್ನಿ. ಆಗ ಈ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ಮಾನ್ಯಖೇಟದ ಸಾಮಂತರು. ಮಾನ್ಯಖೇಟ ಅಂದರೆ ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡ. ದೊರೆ ಅಮೋಘವರ್ಷ, 'ಕವಿರಾಜಮಾರ್ಗ' ಹುಟ್ಟಿದ್ದು ಇವನ ಆಸ್ಥಾನದಲ್ಲಿ. ಒಲವು ಜೈನ ಧರ್ಮದ ಕಡೆ. ಆದರೂ ಬೌದ್ಧರ ಈ ಗುಡ್ಡದಲ್ಲಿ ಇವನ ಕಾಲದ ಮೂರು ಶಾಸನಗಳಿವೆ: ಶಕ 765, 775, 799. ಮೊದಲನೆಯದರಲ್ಲಿ, ಅಂದರೆ ಕ್ರಿ.ಶ. 843ರಲ್ಲಿ, ವಿಹಾರದ ದುರಸ್ತಿಗೆ, ಭಿಕ್ಷುಗಳ ಬಟ್ಟೆಗೆ, ಪುಸ್ತಕಕ್ಕೆ ಅಂತ ದ್ರಮ್ಮ ನಾಣ್ಯಗಳನ್ನು ಬೇರೆ ಬೇರೆ ತೆಗೆದಿಟ್ಟ ಲೆಕ್ಕವಿದೆ. ಸೋರುವ ಶಾಲೆಯ ರಿಪೇರಿಗಾಗಿ ಅರ್ಜಿ ಹಿಡಿದು ಅಲೆದ ಮೇಷ್ಟ್ರು ನಾನು. ಆ ಸಾಲನ್ನು ಎರಡೆರಡು ಸಲ ಓದಿದೆ. ಎರಡನೆಯ ಶಾಸನದಲ್ಲಿ ನೂರು ದ್ರಮ್ಮ ಕೊಟ್ಟವನು ಬಂಗಾಳದ ಗೌಡ ದೇಶದಿಂದ ಬಂದ ಬೌದ್ಧ.

ಇನ್ನೊಂದು ಮಾತು. 851ರ ಒಂದು ಅರಬ್ಬಿ ಪ್ರವಾಸ ಬರಹ 'ಬಲ್ಹರಾ' ಎಂಬ ಹಿಂದೂಸ್ತಾನದ ದೊಡ್ಡ ದೊರೆಯನ್ನು ಅರಬರ ಸ್ನೇಹಿತ ಎಂದು ಹೊಗಳುತ್ತದೆ. ಬಲ್ಹರಾ ಅಂದರೆ ವಲ್ಲಭರಾಜ, ರಾಷ್ಟ್ರಕೂಟರ ಬಿರುದು. ಅಂದರೆ ಇದೇ ಅಮೋಘವರ್ಷನ ಕಾಲ. ನಾನು ಓದಿದ ಉರ್ದು ಪುಸ್ತಕದಲ್ಲೂ ಕನ್ನಡ ಪುಸ್ತಕದಲ್ಲೂ ಇದು ಇರಲಿಲ್ಲ.

1009ರಲ್ಲಿ, ಮತ್ತೆ 1021ರಲ್ಲಿ, ನೋಡಲು ಬಂದ ಪಾರ್ಸಿಗಳು ಪಹ್ಲವಿ ಲಿಪಿಯಲ್ಲಿ ತಮ್ಮ ಹೆಸರು ಕೆತ್ತಿ ಹೋದರು. ಇವತ್ತು ಹಾಗೆ ಮಾಡಿದರೆ ಕೇಸು!

ಆ ಹುಡುಗನನ್ನೂ ಸೇರಿಸಿ ತರಗತಿಯನ್ನೇ ಕರೆದುಕೊಂಡು ಹೋದೆ. ನೀವೂ ಹೋಗುವುದಾದರೆ ಸೋಮವಾರ ಬೇಡ, ಬಾಗಿಲು ಹಾಕಿರುತ್ತೆ. ದರ್ಬಾರ್ ಗುಹೆಯಲ್ಲಿ ಉದ್ದನೆಯ ಎರಡು ಕಲ್ಲಿನ ಬೆಂಚುಗಳಿವೆ. ನಮ್ಮ ಮಕ್ಕಳು ಅಲ್ಲೇ ಸಾಲಾಗಿ ಕೂತು ಟಿಫಿನ್ ಡಬ್ಬಿ ಬಿಚ್ಚಿದರು. ಕಾವಲುಗಾರ ಬಂದು ಎಬ್ಬಿಸಿದ.