ಬಸ್ ತಂಗುದಾಣ: ನೆರಳಿನ ಹಿಂದಿನ ಲೆಕ್ಕ

ರಸ್ತೆಬದಿಯಲ್ಲಿ ಬಸ್ಸಿಗೆ ಕಾಯುವವರನ್ನು ಬಿಸಿಲು, ಮಳೆ, ಗಾಳಿಯಿಂದ ಕಾಪಾಡಲು ಕಟ್ಟಿದ ಸಣ್ಣ ಸೂರೇ ಬಸ್ ತಂಗುದಾಣ. ನಾಲ್ಕು ಕಂಬ, ಒಂದು ಚಾವಣಿ, ಒಂದು ಬೆಂಚು, ನೋಡಲು ಇಷ್ಟೇ. ಆದರೆ ಇಷ್ಟೊಂದು ಇಲಾಖೆಗಳ ಗಡಿ ಒಂದೇ ಕಡೆ ಬಂದು ಸೇರುವ ಇಂಥ ಪುಟ್ಟ ಕಟ್ಟಡ ನಗರದಲ್ಲಿ ಮತ್ತೊಂದು ಸಿಗುವುದು ಕಷ್ಟ. ಬಸ್ಸು ಸಾರಿಗೆ ಸಂಸ್ಥೆಯದು, ಫುಟ್‌ಪಾತ್ ಪಾಲಿಕೆಯದು. ಬಸ್ಸು ಎಲ್ಲಿ ನಿಲ್ಲಬೇಕೆಂಬ ತೀರ್ಮಾನದಲ್ಲಿ ಸಂಚಾರ ಪೊಲೀಸರಿಗೂ ಪಾಲಿದೆ. ದೀಪ ಉರಿಯಲು ವಿದ್ಯುತ್ ಕಂಪನಿ ಬೇಕು. ರಸ್ತೆ ರಾಷ್ಟ್ರೀಯ ಹೆದ್ದಾರಿಯಾಗಿದ್ದರೆ ಹೆದ್ದಾರಿ ಪ್ರಾಧಿಕಾರದ ಅನುಮತಿಯೂ ಬೇಕು. ಇವರೆಲ್ಲರ ನಡುವೆ ದುಡ್ಡು ಹಾಕಿದವರ ಮಾತೇ ಕೊನೆಗೆ ನಡೆಯುತ್ತದೆ. ತಂಗುದಾಣದ ಜಾಗ, ಆಕಾರ, ಆಯಸ್ಸು ಮೂರನ್ನೂ ಹಣದ ಮೂಲವೇ ಬಹುಮಟ್ಟಿಗೆ ನಿರ್ಧರಿಸುತ್ತದೆ.

ಕಾಯುವ ಹೊತ್ತಿನ ಲೆಕ್ಕ

ಕಾಯುವವನ ಗಡಿಯಾರ ಬೇರೆಯೇ ಇರುತ್ತದೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಯಾಣಿಕರು ನಿಜವಾಗಿ ಕಾದ ಹೊತ್ತನ್ನೂ ಕಾದೆವೆಂದು ಅವರು ಹೇಳಿದ ಹೊತ್ತನ್ನೂ ಹೋಲಿಸಿ ನೋಡಿದರು. ಯಾವ ಸೌಕರ್ಯವೂ ಇಲ್ಲದ ನಿಲುಗಡೆಯಲ್ಲಿ ನಿಂತವರಿಗೆ ಹೊತ್ತು ಕಡೇಪಕ್ಷ 1.3 ಪಟ್ಟು ಹಿಗ್ಗಿದಂತೆ ಅನ್ನಿಸಿತ್ತು. ಬೆಂಚು ಮತ್ತು ಸೂರು ಇದ್ದಲ್ಲಿ ಈ ಅಂತರ ಕುಗ್ಗಿತ್ತು. ಭದ್ರತೆಯಿಲ್ಲದ ಜಾಗದಲ್ಲಿ 10 ನಿಮಿಷ ಮೀರಿ ನಿಂತ ಮಹಿಳೆಯರಿಗಂತೂ ಕಾಯುವ ಹೊತ್ತು ಇನ್ನೂ ಬಹಳ ದೀರ್ಘವೆನಿಸಿತ್ತು.

ಹೆಚ್ಚು ಬಸ್ಸು ಬಿಟ್ಟು ಕಾಯುವ ಹೊತ್ತು ತಗ್ಗಿಸಲು ಬಸ್ಸು, ಚಾಲಕ, ಡೀಸೆಲ್ ಎಂದು ಪ್ರತಿವರ್ಷ ಖರ್ಚು ಬೀಳುತ್ತದೆ. ಅದೇ ಹೊತ್ತನ್ನು ಸಹ್ಯವಾಗಿಸಲು ಒಂದು ಸೂರು ಸಾಕು. ಕರ್ನಾಟಕದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಉಚಿತವಾಯಿತು. ನಿಲುಗಡೆಗಳಲ್ಲಿ ಮಹಿಳೆಯರ ಸಂಖ್ಯೆ ಹೆಚ್ಚಿರುವ ಈ ಹೊತ್ತಿನಲ್ಲಿ ತಂಗುದಾಣದ ದೀಪ, ಬೆನ್ನ ಹಿಂದಿನದು ಕಾಣುವಂಥ ಗೋಡೆ, ಹತ್ತಿರದ ಅಂಗಡಿ ಇವೆಲ್ಲ ಸಾರಿಗೆ ಸೇವೆಯ ಭಾಗವೇ ಆಗಿವೆ.

ಜಾಗದ ಆಯ್ಕೆ

ತಂಗುದಾಣ ಒಂದು ಕಡೆ, ಬಸ್ಸು ನಿಲ್ಲುವುದು ಇನ್ನೊಂದು ಕಡೆ ಎಂಬುದು ನಮ್ಮ ಊರುಗಳ ನಿತ್ಯದ ನೋಟ. ಮುಂದೆ ಆಟೋ ನಿಂತಿರುವುದು, ಸಿಗ್ನಲ್‌ಗೆ ತೀರಾ ಹತ್ತಿರವಿರುವುದು, ಬಸ್ಸಿನ ಮುಂಬಾಗಿಲು ಚರಂಡಿಯ ಮೇಲೆ ಬೀಳುವುದು ಇದಕ್ಕೆ ಕಾರಣಗಳು. ಸಾಧ್ಯವಾದಲ್ಲಿ ವೃತ್ತ ದಾಟಿದ ಮೇಲೆ ನಿಲುಗಡೆ ಇಡುವುದು ಒಳ್ಳೆಯದೆಂದು ಸಾರಿಗೆ ಎಂಜಿನಿಯರ್‌ಗಳು ಹೇಳುತ್ತಾರೆ. ಆಗ ಬಸ್ಸು ಹಸಿರು ದೀಪದಲ್ಲಿ ವೃತ್ತ ದಾಟಿ ನಿಲ್ಲುತ್ತದೆ, ಜನ ಬಸ್ಸಿನ ಹಿಂದಿನಿಂದ ರಸ್ತೆ ದಾಟುತ್ತಾರೆ, ಎಡಕ್ಕೆ ತಿರುಗುವ ವಾಹನಗಳಿಗೂ ಅಡ್ಡಿಯಾಗುವುದಿಲ್ಲ.

ಇನ್ನೊಂದು ತೊಡಕು ಅಗಲದ್ದು. ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಪಾದಚಾರಿ ಮಾರ್ಗಸೂಚಿಯಂತೆ ಫುಟ್‌ಪಾತ್‌ನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ತೆರವಾಗಿರಬೇಕು. ಎರಡು ಮೀಟರ್ ಅಗಲದ ಫುಟ್‌ಪಾತ್ ಮೇಲೆ ಒಂದೂವರೆ ಮೀಟರ್ ಆಳದ ತಂಗುದಾಣ ಕೂರಿಸಿದರೆ ನಡೆಯುವವರು ರಸ್ತೆಗೆ ಇಳಿಯಲೇಬೇಕು. ಇದಕ್ಕೆ ಎರಡು ದಾರಿಗಳಿವೆ. ಹಿಂಬದಿಯ ಕಂಬಗಳಿಂದಲೇ ಮುಂಚಾಚುವ ಚಾವಣಿ ಮಾಡಿ ಅದರಡಿಯಲ್ಲಿ ಓಡಾಟಕ್ಕೆ ಬಿಡುವುದು ಒಂದು. ನಿಲುಗಡೆಯಿರುವಷ್ಟು ಉದ್ದಕ್ಕೆ ಫುಟ್‌ಪಾತನ್ನೇ ರಸ್ತೆಯ ಕಡೆಗೆ ಹಿಗ್ಗಿಸುವುದು ಇನ್ನೊಂದು. ಎರಡನೆಯದರಲ್ಲಿ ಬಸ್ಸು ಬದಿಗೆ ಸರಿಯದೆ ತನ್ನ ಸಾಲಿನಲ್ಲೇ ನಿಂತು ಹೊರಡುವುದರಿಂದ ಸಮಯವೂ ಉಳಿಯುತ್ತದೆ.

ಮಳೆ, ಬಿಸಿಲು ಮತ್ತು ಚಾವಣಿ

ಒಂದೇ ನಕ್ಷೆಯನ್ನು ಎಲ್ಲ ಊರಿಗೂ ಹಂಚುವುದು ಟೆಂಡರಿಗೆ ಸುಲಭ, ಹವಾಮಾನಕ್ಕೆ ಒಗ್ಗದು. ಸರಳ ಲೆಕ್ಕ ನೋಡಿ. ಚಾವಣಿಯ ಅಂಚು ನೆಲದಿಂದ 2.4 ಮೀಟರ್ ಎತ್ತರದಲ್ಲಿದ್ದು, ಮಳೆ ಗಾಳಿಗೆ 30 ಡಿಗ್ರಿ ಓರೆಯಾಗಿ ಬಿದ್ದರೆ, ನೀರು ನೆಲದ ಮಟ್ಟದಲ್ಲಿ ಸುಮಾರು 1.4 ಮೀಟರ್ ಒಳಗೆ ನುಗ್ಗುತ್ತದೆ. ಒಂದೂವರೆ ಮೀಟರ್ ಆಳದ ತಂಗುದಾಣದಲ್ಲಿ ಒಣಗಿರುವ ಜಾಗ ಅರ್ಧ ಗೇಣು ಮಾತ್ರ. ಆಷಾಢದ ಮಂಗಳೂರಿಗೆ ಆಳವಾದ ಚಾವಣಿ, ಇಳಿಜಾರು, ಗಾಳಿ ಬೀಸುವ ಕಡೆಗೊಂದು ತಡೆ ಬೇಕೇಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಲ್ಲಿ ಅದೇ ತಡೆ ಗಾಳಿಯನ್ನು ಕಟ್ಟಿಹಾಕುತ್ತದೆ, ಸ್ಟೀಲ್ ಬೆಂಚು ಮಧ್ಯಾಹ್ನ ಕೂರಲಾಗದಷ್ಟು ಕಾಯುತ್ತದೆ.

ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಸಂಶೋಧಕರು ಬೇಸಿಗೆಯಲ್ಲಿ ತಂಗುದಾಣಗಳ ಧಗೆ ಅಳೆದಾಗ, ಪಾರದರ್ಶಕ ಗೋಡೆಗಳಿಂದ ಸುತ್ತುವರಿದ ಕೆಲವು ತಂಗುದಾಣಗಳ ಒಳಗೆ ಬಯಲಿಗಿಂತಲೂ ಹೆಚ್ಚು ತಾಪವಿತ್ತು. ಮರದ ನೆರಳು ಮಾತ್ರ ನಂಬಿಕೆ ಉಳಿಸಿಕೊಂಡಿತು. ನೆದರ್ಲೆಂಡ್ಸಿನ ಉಟ್ರೆಕ್ಟ್ ನಗರ ನೂರಾರು ತಂಗುದಾಣಗಳ ಚಾವಣಿಯ ಮೇಲೆ ನೀರು ಹೆಚ್ಚು ಬೇಡದ ಸಣ್ಣ ಸಸ್ಯಗಳನ್ನು ಬೆಳೆಸಿದೆ. ನಮ್ಮಲ್ಲಿ ಹೊಂಗೆ, ಬೇವಿನ ನೆರಳಿನಲ್ಲಿ ಜನ ತಾವಾಗಿಯೇ ನಿಲ್ಲುವ ಕಡೆ ಮರ ಕಡಿದು ಶೀಟು ಹಾಕುವ ಬದಲು, ಮರ ಉಳಿಸಿ ಅದರ ಜೊತೆಗೆ ಸೂರು ಕಟ್ಟುವುದು ಅಗ್ಗದ ವಿನ್ಯಾಸ.

ಹತ್ತುವ ಎತ್ತರ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಸ್ ನಿಲುಗಡೆಗಳೂ ಎಲ್ಲರಿಗೆ ಬಳಸಲು ಬರುವಂತಿರಬೇಕೆಂದು ಹೇಳುತ್ತದೆ. ಗಾಲಿಕುರ್ಚಿ ತಿರುಗಲು ಒಂದೂವರೆ ಮೀಟರ್ ವ್ಯಾಸದ ಸಮತಟ್ಟು ಜಾಗ, 12ಕ್ಕೆ 1ರ ಇಳಿಜಾರಿನ ರ‍್ಯಾಂಪ್, ದೃಷ್ಟಿ ಇಲ್ಲದವರಿಗೆ ಕಾಲಿಗೆ ತಿಳಿಯುವ ಉಬ್ಬುಹಾಸು ಇದರ ಕನಿಷ್ಠ ಅಂಶಗಳು. ಆದರೆ ನೆಲಕ್ಕೂ ಬಸ್ಸಿನ ಮೆಟ್ಟಿಲಿಗೂ ಇರುವ ಅಂತರವೇ ದೊಡ್ಡ ಅಡ್ಡಿ. ನಮ್ಮ ನಗರ ಬಸ್ಸುಗಳ ನೆಲ 400, 650 ಅಥವಾ 900 ಮಿಲಿಮೀಟರ್ ಎತ್ತರದಲ್ಲಿರುತ್ತದೆ, ಫುಟ್‌ಪಾತ್ ಅಂಚು ಸಾಮಾನ್ಯವಾಗಿ 150 ಮಿಲಿಮೀಟರ್.

ಬ್ರೆಜಿಲಿನ ಕುರಿಟಿಬಾ ನಗರ 1991ರಲ್ಲಿ ಇದಕ್ಕೊಂದು ಉತ್ತರ ಕೊಟ್ಟಿತು. ವಾಸ್ತುಶಿಲ್ಪಿಯೂ ಆಗಿದ್ದ ಮೇಯರ್ ಜೈಮೆ ಲೆರ್ನರ್ ಕಾಲದಲ್ಲಿ ಬಂದ ಗಾಜಿನ ಕೊಳವೆಯಂಥ ನಿಲ್ದಾಣಗಳಲ್ಲಿ ಪ್ರಯಾಣಿಕರು ಮೊದಲೇ ಟಿಕೆಟ್ ಹಣ ಕೊಟ್ಟು, ಬಸ್ಸಿನ ನೆಲದ ಮಟ್ಟದಲ್ಲೇ ನಿಂತು, ಹಲವು ಬಾಗಿಲುಗಳಿಂದ ಒಮ್ಮೆಗೇ ಹತ್ತುವಂತಾಯಿತು. ಹುಬ್ಬಳ್ಳಿ–ಧಾರವಾಡದ ತ್ವರಿತ ಬಸ್ ಸಾರಿಗೆಯ (ಬಿಆರ್‌ಟಿಎಸ್) ನಿಲ್ದಾಣಗಳು ಇದೇ ವಂಶದವು. ವಿಶ್ವಬ್ಯಾಂಕಿನ ನೆರವಿನ ನಗರ ಸಾರಿಗೆ ಯೋಜನೆಯಲ್ಲಿ ಕಟ್ಟಿದ, ರಸ್ತೆಯ ನಡುವಿರುವ ಈ ನಿಲ್ದಾಣಗಳಿಂದ ಚಿಗರಿ ಎಂಬ ಅಲ್ಲಿನ ಬಸ್ಸಿಗೆ ಮೆಟ್ಟಿಲು ಹತ್ತದೆ ಕಾಲಿಡಬಹುದು.

ಜಾಹೀರಾತಿನ ಹಣ

ಇಂದು ಜಗತ್ತಿನಾದ್ಯಂತ ಕಾಣುವ ಮಾದರಿ ಹುಟ್ಟಿದ್ದು ಫ್ರಾನ್ಸಿನಲ್ಲಿ. 1964ರಲ್ಲಿ ಅಲ್ಲಿನ ಸರ್ಕಾರ ಹೆದ್ದಾರಿ ಬದಿಯ ಫಲಕಗಳ ಮೇಲೆ ತೆರಿಗೆ ಹೇರಿದಾಗ, ಫಲಕಗಳ ವ್ಯಾಪಾರ ಮಾಡುತ್ತಿದ್ದ ಜಾನ್-ಕ್ಲೋದ್ ದೆಕೋ ನಗರದೊಳಗೆ ದಾರಿ ಹುಡುಕಿದರು. ತಂಗುದಾಣವನ್ನು ತಾವೇ ಉಚಿತವಾಗಿ ಕಟ್ಟಿ, ತೊಳೆದು, ದುರಸ್ತಿ ಮಾಡುವುದು. ಪ್ರತಿಯಾಗಿ ಅದರ ಮೇಲಿನ ಜಾಹೀರಾತಿನ ಹಕ್ಕು ಪಡೆಯುವುದು. ಲಿಯಾನ್ ನಗರ ಮೊದಲು ಒಪ್ಪಿತು. ನ್ಯೂಯಾರ್ಕ್ 2006ರಲ್ಲಿ 20 ವರ್ಷಗಳ ಇಂಥ ಒಪ್ಪಂದ ಮಾಡಿಕೊಂಡಿತು. ಬಿಬಿಎಂಪಿ ಕಾಲದ ಬೆಂಗಳೂರಿನ ಅನೇಕ ತಂಗುದಾಣಗಳೂ ಖಾಸಗಿ ಸಹಭಾಗಿತ್ವದ ಇದೇ ತತ್ವದವು: ಕಂಪನಿ ಕಟ್ಟಬೇಕು, ನಿರ್ವಹಿಸಬೇಕು, ಅವಧಿ ಮುಗಿದ ಮೇಲೆ ಪಾಲಿಕೆಗೆ ಒಪ್ಪಿಸಬೇಕು.

ಪಾಲಿಕೆಯ ಕೈಯಿಂದ ಬಿಡಿಗಾಸು ಹೋಗುವುದಿಲ್ಲ, ಬದಲಿಗೆ ಶುಲ್ಕ ಬರುತ್ತದೆ. ಹಾಗೆಂದು ಇದು ಪುಕ್ಕಟೆಯಲ್ಲ. ಜಾಹೀರಾತಿಗೆ ಬೆಲೆಯಿರುವುದು ಕಾರುಗಳು ಹೆಚ್ಚು ಓಡಾಡುವ ರಸ್ತೆಯಲ್ಲಿ, ಬಸ್ಸಿಗೆ ಕಾಯುವವರು ಹೆಚ್ಚಿರುವುದು ಗಾರ್ಮೆಂಟ್ ಕಾರ್ಖಾನೆ, ಹೊರವಲಯದ ಬಡಾವಣೆಗಳ ಬಳಿ. ಎಂ.ಜಿ. ರಸ್ತೆಗೆ ಹೊಳೆಯುವ ತಂಗುದಾಣ, ಹೊರವಲಯಕ್ಕೆ ಬರೀ ಕಂಬ ಎಂಬ ತಾರತಮ್ಯದ ಮೂಲ ಇಲ್ಲಿದೆ.

ಫಲಕ ನಿಲ್ಲುವ ಜಾಗದಲ್ಲೂ ಇದೇ ಜಗ್ಗಾಟ. ನಮ್ಮಲ್ಲಿ ವಾಹನಗಳು ಎಡಬದಿಯಲ್ಲಿ ಸಾಗುವುದರಿಂದ, ರಸ್ತೆಗೆ ಮುಖಮಾಡಿ ನಿಂತವರಿಗೆ ಬಸ್ಸು ಬರುವುದು ಬಲಗಡೆಯಿಂದ. ಎದುರು ಬರುವ ವಾಹನ ಸವಾರರಿಗೆ ಚೆನ್ನಾಗಿ ಕಾಣಲೆಂದು ಅದೇ ಬಲತುದಿಗೆ ಫಲಕ ನಿಲ್ಲಿಸಿದರೆ, ಒಳಗಿದ್ದವರಿಗೆ ಬಸ್ಸಿನ ನಂಬರ್ ಕಾಣುವುದಿಲ್ಲ. ಜನ ಹೊರಗೆ ಬಿಸಿಲಿನಲ್ಲೇ ನಿಲ್ಲುತ್ತಾರೆ. ಎಡತುದಿಗೆ ಫಲಕ ಇಟ್ಟು ಬಲತುದಿ ಬಯಲು ಬಿಟ್ಟರೆ ಸವಾರರಿಗೂ ಫಲಕ ಕಾಣುತ್ತದೆ, ಪ್ರಯಾಣಿಕರಿಗೂ ಬಸ್ಸು ಕಾಣುತ್ತದೆ.

ನಿಧಿ, ದಾನ, ಯೋಜನೆ

ಸಣ್ಣ ಊರುಗಳಲ್ಲಿ ತಂಗುದಾಣದ ಹಣೆಯ ಮೇಲೆ ಕಾಣುವುದು ಜನಪ್ರತಿನಿಧಿಯ ಹೆಸರು. ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ, ಕರ್ನಾಟಕದ ಶಾಸಕರಿಗೆ 2 ಕೋಟಿ ರೂಪಾಯಿ ಪ್ರದೇಶಾಭಿವೃದ್ಧಿ ನಿಧಿ ಇದೆ. ತಂಗುದಾಣ ಬೇಗ ಮುಗಿಯುವ, ಕಣ್ಣಿಗೆ ಬೀಳುವ ಕೆಲಸ. ಆದರೆ ನಿಧಿಯಿಂದ ಕಟ್ಟಬಹುದೇ ಹೊರತು ಮುಂದೆ ಗುಡಿಸುವವರಿಗೆ ಸಂಬಳ ಹುಟ್ಟುವುದಿಲ್ಲ. ಒಡೆತನದ ಗೊಂದಲವೂ ಉಂಟು. 2022ರ ನವೆಂಬರ್‌ನಲ್ಲಿ ಮೈಸೂರು–ನಂಜನಗೂಡು ರಸ್ತೆಯ ತಂಗುದಾಣವೊಂದರ ಗುಮ್ಮಟಗಳು ರಾಜಕೀಯ ವಿವಾದವಾಗಿ, ಹೆದ್ದಾರಿ ಪ್ರಾಧಿಕಾರ ನೋಟಿಸ್ ಕೊಟ್ಟ ಮೇಲೆ ಮೂರರಲ್ಲಿ ಎರಡು ಗುಮ್ಮಟಗಳನ್ನು ತೆಗೆಯಲಾಯಿತು.

ಕರಾವಳಿಯಲ್ಲಿ ಇನ್ನೊಂದು ಪದ್ಧತಿಯಿದೆ. ತೀರಿಕೊಂಡ ಹಿರಿಯರ ನೆನಪಿಗೆ ಮನೆಯವರು, ಇಲ್ಲವೇ ಯುವಕ ಮಂಡಲ, ರೋಟರಿ, ಲಯನ್ಸ್ ಸಂಸ್ಥೆಯವರು ಕಟ್ಟಿಸಿದ ತಂಗುದಾಣಗಳು. ಕಟ್ಟಿಸಿದವರು ಅದೇ ಊರಿನವರಾದ್ದರಿಂದ ಮಳೆಗಾಲಕ್ಕೆ ಮೊದಲು ಹೆಂಚು ಸರಿಪಡಿಸುವ ಕೈಯೂ ಸಿಗುತ್ತದೆ. 2015ರಲ್ಲಿ ಶುರುವಾದ ಸ್ಮಾರ್ಟ್ ಸಿಟಿ ಯೋಜನೆ ರಾಜ್ಯದ 7 ನಗರಗಳಿಗೆ ಬಂತು, ಅದರ ಹಣದಲ್ಲೂ ತಂಗುದಾಣಗಳಾದವು. ಯೋಜನೆ ಮುಗಿದ ಮೇಲೆ ನಿರ್ವಹಣೆಯ ಹೊರೆ ಬೀಳುವುದು ಪಾಲಿಕೆಯ ಮೇಲೆಯೇ.

ಲಾಸ್ ಏಂಜಲೀಸ್ ಕೊಟ್ಟ ಪಾಠ

2023ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್ ನಗರ ‘ಲಾ ಸೊಂಬ್ರೀಟಾ’ ಎಂಬ ಹೊಸ ಸಾಧನವನ್ನು ಸುದ್ದಿಗೋಷ್ಠಿ ಕರೆದು ತೋರಿಸಿತು. ಬಸ್ ಕಂಬಕ್ಕೆ ಸಿಕ್ಕಿಸಿದ, ತೂತುಗಳಿರುವ ಕಿರಿದಾದ ಲೋಹದ ತಗಡು. ಒಬ್ಬಿಬ್ಬರಿಗೆ ನೆರಳು, ರಾತ್ರಿಗೆ ಪುಟ್ಟ ದೀಪ. ನಗೆಪಾಟಲಾಗಲು ತಡವಾಗಲಿಲ್ಲ. ತಗಡಿಗಿಂತ ಅದರ ಹಿಂದಿನ ಕಾರಣ ಮುಖ್ಯ. ಪೂರ್ಣ ತಂಗುದಾಣಕ್ಕೆ ಹಲವು ಇಲಾಖೆಗಳ ಒಪ್ಪಿಗೆ, ಅಗಲದ ಫುಟ್‌ಪಾತ್, ಭಾರಿ ವೆಚ್ಚ ಬೇಕಿತ್ತು. ಇರುವ ಕಂಬಕ್ಕೆ ತಗಡು ಸಿಕ್ಕಿಸಲು ಅದಾವುದೂ ಬೇಕಿರಲಿಲ್ಲ. 2001ರಲ್ಲಿ ಆ ನಗರ ಮಾಡಿಕೊಂಡಿದ್ದ 20 ವರ್ಷಗಳ ಜಾಹೀರಾತು ಒಪ್ಪಂದದಲ್ಲಿ ಮಾತು ಕೊಟ್ಟಷ್ಟು ತಂಗುದಾಣಗಳು ಮೇಲೇಳಲೇ ಇಲ್ಲ. 2022ರಲ್ಲಿ ಅದು ದಾರಿ ಬದಲಿಸಿತು: ನಗರವೇ ಬಂಡವಾಳ ಹಾಕಿ ಒಡೆತನ ಇಟ್ಟುಕೊಳ್ಳುವುದು, ಜಾಹೀರಾತಿನ ಆದಾಯದಲ್ಲಿ ದೊಡ್ಡ ಪಾಲು ಪಡೆಯುವುದು.

ಒಪ್ಪಂದದಲ್ಲಿ ಇರಬೇಕಾದ್ದು

ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಜಾಗದಲ್ಲಿ 5 ಪಾಲಿಕೆಗಳಿವೆ. ಬಸ್ಸುಗಳನ್ನು ಮಾತ್ರ ಇಡೀ ನಗರಕ್ಕೆ 1997ರಿಂದ ಇರುವ ಬಿಎಂಟಿಸಿ ಒಂದೇ ಓಡಿಸುತ್ತಿದೆ. ಹೊಸ ಒಪ್ಪಂದಗಳಿಗೆ ಕೆಲವು ಷರತ್ತುಗಳು ಬೇಕು. ಬೆಲೆಯುಳ್ಳ ಜಾಗ ಪಡೆಯುವ ಕಂಪನಿಗೆ ಅಷ್ಟೇ ಸಂಖ್ಯೆಯ ಹೊರವಲಯದ ಜಾಗಗಳನ್ನೂ ಜೋಡಿಸಿ ಕೊಡಬೇಕು. ಜಾಗಗಳ ಪಟ್ಟಿಯನ್ನು ಬಸ್ ಹತ್ತುವವರ ಸಂಖ್ಯೆಯ ಮೇಲೆ ಸಾರಿಗೆ ಸಂಸ್ಥೆಯೇ ಸಿದ್ಧಪಡಿಸಬೇಕು. ದೀಪ ಆರಿದರೆ, ಗಾಜು ಒಡೆದರೆ ಎಷ್ಟು ದಿನದೊಳಗೆ ಸರಿಪಡಿಸಬೇಕು, ತಪ್ಪಿದರೆ ಎಷ್ಟು ದಂಡ ಎಂಬುದು ಬರಹದಲ್ಲಿರಬೇಕು. ಮಾರ್ಗಗಳ ನಂಬರ್ ಮತ್ತು ದೂರಿನ ಫೋನ್ ಸಂಖ್ಯೆಗೆ ಜಾಹೀರಾತು ಮುಟ್ಟಬಾರದ ಜಾಗ ಮೀಸಲಾಗಬೇಕು.

ಜಾಹೀರಾತು ಎಂದೂ ತಲುಪದ ನಿಲುಗಡೆಗಳು ಇಷ್ಟಾದರೂ ಉಳಿಯುತ್ತವೆ. ಅಲ್ಲಿ ಖರ್ಚನ್ನು ಪಾಲಿಕೆಯೇ ಹೊರಬೇಕು. ರಸ್ತೆ ಡಾಂಬರಿಗೆ, ಬೀದಿದೀಪಕ್ಕೆ ಪ್ರತಿವರ್ಷ ಹಣ ತೆಗೆದಿಡುವಂತೆ ತಂಗುದಾಣದ ನಿರ್ವಹಣೆಗೂ ಬಜೆಟ್ಟಿನಲ್ಲಿ ಪ್ರತ್ಯೇಕ ಬಾಬ್ತು ಬೇಕು. ಆ ಬಾಬ್ತು ಇದೆಯೇ, ಎಷ್ಟಿದೆ ಎಂದು ವಾರ್ಡ್ ಸಭೆಯಲ್ಲಿ ಕೇಳುವುದಕ್ಕೆ ಯಾವ ತಜ್ಞತೆಯೂ ಬೇಡ.