ಎರವಲು ನಾಡಿ: ಕಣಕಾಲಿನ ಗಾಯಕ್ಕೆ 0.9ರ ಗೆರೆ ಸಾಕೇ?

ಕಣಕಾಲಿನ ಮೂಳೆ ಮುರಿದಾಗ ಪಾದದ ನಾಡಿಯನ್ನು ಬೆರಳಿನಿಂದ ಮುಟ್ಟಿ ನೋಡಿದರಷ್ಟೇ ಸಾಲದು ಎಂಬುದರಲ್ಲಿ ಈಗ ಭಿನ್ನಮತವಿಲ್ಲ. ಗಿಣ್ಣಿನ ಸಿಸ್ಟೋಲಿಕ್ ಒತ್ತಡವನ್ನು ಡಾಪ್ಲರ್‌ನಿಂದ ಅಳೆದು ತೋಳಿನ ಒತ್ತಡದಿಂದ ಭಾಗಿಸುವ ಸೂಚ್ಯಂಕ ರೂಢಿಗೆ ಬಂದಿದೆ. 1991ರಲ್ಲಿ ಲಿಂಚ್ ಮತ್ತು ಜೋಹಾನ್ಸನ್ ಗಾಯಗೊಂಡ 100 ಕೈಕಾಲುಗಳಲ್ಲಿ ಈ ಸೂಚ್ಯಂಕ 0.9ಕ್ಕಿಂತ ಕಡಿಮೆಯಾದರೆ ಅಪಧಮನಿಗೆ ಪೆಟ್ಟಾಗಿದೆ ಎಂಬ ಗೆರೆಯನ್ನು ಆಂಜಿಯೋಗ್ರಾಂ ಜೊತೆ ಹೋಲಿಸಿ, ಶೇ. 87 ಸಂವೇದನಶೀಲತೆ ಮತ್ತು ಶೇ. 97 ನಿರ್ದಿಷ್ಟತೆ ಕಂಡರು. 2004ರಲ್ಲಿ ಮಿಲ್ಸ್ ಮತ್ತು ಸಂಗಡಿಗರು ಮಂಡಿ ಕೀಲು ತಪ್ಪಿದ 38 ಮಂದಿಯನ್ನು ಪರೀಕ್ಷಿಸಿದರು. ಗೆರೆಯ ಕೆಳಗಿದ್ದ 11 ಮಂದಿಗೂ ಅಪಧಮನಿಯ ಶಸ್ತ್ರಚಿಕಿತ್ಸೆ ಬೇಕಾಯಿತು. ಉಳಿದ 27 ಮಂದಿಯಲ್ಲಿ ಯಾರಿಗೂ ಬೇಕಾಗಲಿಲ್ಲ.

ಈ ಫಲಿತಾಂಶಗಳ ಬಗ್ಗೆ ನನಗೆ ತಕರಾರಿಲ್ಲ. ಅದೇ ಗೆರೆಯನ್ನು ಮಂಡಿಯ ಕೆಳಗಿನ ಗಾಯಕ್ಕೂ ಹಾಗೆಯೇ ಎಳೆಯುವುದರ ಬಗ್ಗೆ ಇದೆ. ಮಂಡಿಯ ಹಿಂದೆ ಇರುವುದು ಪಾಪ್ಲಿಟಿಯಲ್ ಎಂಬ ಒಂದೇ ಹೆದ್ದಾರಿ. ಅದು ಮುಚ್ಚಿದರೆ ಗಿಣ್ಣಿನ ಒತ್ತಡ ಇಳಿಯುತ್ತದೆ. ಕಣಕಾಲಿನಲ್ಲಿ ದಾರಿಗಳು ಮೂರು. ಆಂಟೀರಿಯರ್ ಮತ್ತು ಪೋಸ್ಟೀರಿಯರ್ ಟಿಬಿಯಲ್‌ಗಳ ಕವಲುಗಳು ಅಂಗಾಲಿನ ಕಮಾನಿನಲ್ಲಿ ಕೂಡುತ್ತವೆ. ಆಂಟೀರಿಯರ್ ತುಂಡಾದರೂ ಪೋಸ್ಟೀರಿಯರ್‌ನ ರಕ್ತ ಕಮಾನು ಬಳಸಿ ಪಾದದ ಮೇಲ್ಭಾಗಕ್ಕೆ ಹಿಮ್ಮುಖವಾಗಿ ಹರಿಯಬಲ್ಲದು. ಅಲ್ಲಿ ಸಿಗುವ ನಾಡಿ ಎರವಲಿನದು. ಗಿಣ್ಣಿನ ಬಳಿ ಈ ಎರಡು ಅಪಧಮನಿಗಳಲ್ಲಿ ಅಳೆದ ಒತ್ತಡಗಳ ಪೈಕಿ ಹೆಚ್ಚಿನದನ್ನೇ ಲೆಕ್ಕಕ್ಕೆ ಹಿಡಿಯುವ ರೂಢಿ ಈ ಎರವಲನ್ನು ಇನ್ನಷ್ಟು ಮರೆಮಾಡುತ್ತದೆ. ಮೂರನೆಯದಾದ ಪೆರೋನಿಯಲ್ ಈ ಲೆಕ್ಕಕ್ಕೇ ಬರುವುದಿಲ್ಲ.

ಎರವಲನ್ನು ಹಾಸಿಗೆಯ ಪಕ್ಕದಲ್ಲೇ ಪರೀಕ್ಷಿಸಬಹುದು. ಪಾದದ ಮೇಲೆ ಡಾಪ್ಲರ್ ಕಡ್ಡಿ ಹಿಡಿದು, ಒಳಗಿಣ್ಣಿನ ಹಿಂದೆ ಪೋಸ್ಟೀರಿಯರ್ ಟಿಬಿಯಲ್ ಅನ್ನು ಬೆರಳಿನಿಂದ ಒತ್ತಬೇಕು. ಸದ್ದು ಅಡಗಿದರೆ ಆ ನಾಡಿ ಸ್ವಂತದ್ದಲ್ಲ. ಅಡಗದಿದ್ದರೆ ಆಂಟೀರಿಯರ್ ಸರಿಯಿದೆ ಎಂದು ಮಾತ್ರ ತೀರ್ಮಾನಿಸಲಾಗದು. ಪೆರೋನಿಯಲ್‌ನ ಕವಲೂ ಅಲ್ಲಿಗೆ ರಕ್ತ ತಲುಪಿಸಬಹುದು.

ಒಂದೇ ಅಪಧಮನಿ ಉಳಿದರೂ ಪಾದ ಸಾಮಾನ್ಯವಾಗಿ ಬದುಕುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ತೆರೆದ ಗಾಯಕ್ಕೆ ಬೇರೆಡೆಯ ಮಾಂಸವನ್ನು ತಂದು ಜೋಡಿಸುವಾಗ, ಅದನ್ನು ಯಾವ ಅಪಧಮನಿಗೆ ಹೊಲಿಯುವುದೆಂಬುದು ಉಳಿದಿರುವುದು ಯಾವುದೆಂಬುದನ್ನೇ ಅವಲಂಬಿಸಿದೆ. ಹಾಗಾಗಿ ನನ್ನ ವಾದ ಸೀಮಿತವಾದದ್ದು: ಕೇಸ್ ಶೀಟಿನಲ್ಲಿ ಒಂದರ ಬದಲು ಎರಡು ಅಂಕಿ ಬರೆಯಿರಿ, ಆಂಟೀರಿಯರ್‌ಗೆ ಒಂದು, ಪೋಸ್ಟೀರಿಯರ್‌ಗೆ ಒಂದು. ಕುಸಿದ ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆಯಿಂದ ಗಡುಸಾದ ಅಪಧಮನಿಯಿದ್ದಲ್ಲಿ ಅವೆರಡೂ ದಾರಿ ತಪ್ಪಿಸಬಹುದು. ಮೀನಖಂಡದ ಸ್ನಾಯುಗಳ ಸುತ್ತಲಿನ ಬಿಗಿ ಹೊದಿಕೆಯೊಳಗೆ ಒತ್ತಡ ಏರಿ ಸ್ನಾಯು ಸಾಯುತ್ತಿರುವಾಗಲೂ ನಾಡಿ ಸಿಗುತ್ತಿರಬಹುದು.

ಒಂದೊಂದು ಅಪಧಮನಿಗೂ ಗೆರೆ ಎಲ್ಲಿರಬೇಕು? ಮಂಡಿಯಿಂದ ತಂದ 0.9 ಅದಕ್ಕೆ ಉತ್ತರವಲ್ಲ ಎಂದಷ್ಟೇ ಇಲ್ಲಿ ಹೇಳಬಲ್ಲೆ. ಆ ಅಳತೆ ಇನ್ನು ಕಣಕಾಲಿನಲ್ಲೇ ಆಗಬೇಕು.